ಬಂದು ಹೋಗುವ ಬೇನೆ: ಲ್ಯಾಪ್‌ಟಾಪಿನ ದೋಷವನ್ನು ಪತ್ತೆಹಚ್ಚುವ ಬಗೆ

ಯಂತ್ರಗಳು ಕೆಡುವುದರಲ್ಲಿ ಎರಡು ಬಗೆಯುಂಟು. ಮೊದಲನೆಯದು, ಕೆಟ್ಟದ್ದು ಕೆಟ್ಟೇ ಇರುವ ಬಗೆ. ದೀಪದ ಒಳಗಿನ ತಂತಿ ಕಡಿದುಹೋದರೆ ಅದು ಈಗಲೂ ಉರಿಯದು, ನಾಳೆಯೂ ಉರಿಯದು. ದೀಪವನ್ನು ಬದಲಾಯಿಸಿದರೆ ಕೆಲಸ ಮುಗಿಯಿತು. ಎರಡನೆಯದು, ಕೆಟ್ಟು, ತಾನಾಗಿಯೇ ಸರಿಹೋಗಿ, ಮತ್ತೆ ಕೆಡುವ ಬಗೆ. ಹಿಂದೆ ಕಾಡಿನಂಚಿನ ಹಳ್ಳಿಗಳನ್ನು ಪೀಡಿಸುತ್ತಿದ್ದ ಚಳಿಜ್ವರವು ಈ ಎರಡನೆಯ ಜಾತಿಗೆ ಸೇರಿದ್ದು. ದಿನ ಬಿಟ್ಟು ದಿನ ನಡುಕ ಹುಟ್ಟಿಸಿ, ಬೆವರಿಳಿಸಿ, ಮಾಯವಾಗುತ್ತಿತ್ತು. ರೋಗಿಯು ವೈದ್ಯರ ಬಳಿಗೆ ನಡೆದು ಬರುವ ಹೊತ್ತಿಗೆ ಅವನ ಮೈ ತಣ್ಣಗಿರುತ್ತಿತ್ತು. ಹಾಗೆಂದು ರೋಗವೇ ಇಲ್ಲವೆಂದು ಹೇಳಬಹುದೆ? ಜ್ವರವು ಎಷ್ಟು ಹೊತ್ತಿಗೊಮ್ಮೆ ಬರುತ್ತದೆಂಬ ಲೆಕ್ಕವೇ ಅನುಭವಿಗಳಾದ ವೈದ್ಯರಿಗೆ ರೋಗದ ಗುರುತಾಗಿತ್ತು.

ಇಂದು ವಿದ್ಯಾರ್ಥಿಗಳ ಕೈಯಲ್ಲಿರುವ ಲ್ಯಾಪ್‌ಟಾಪ್‌ಗಳನ್ನು ಹೆಚ್ಚಾಗಿ ಕಾಡುವುದು ಈ ಎರಡನೆಯ ಬಗೆಯ ಬೇನೆಯೇ. ಬರೆಯುತ್ತಿರುವಾಗ ಪರದೆ ಫಕ್ಕನೆ ಕಪ್ಪಾಗುತ್ತದೆ. ಗುಂಡಿ ಒತ್ತಿದರೆ ಏನೂ ಆಗದಂತೆ ಮತ್ತೆ ಹೊತ್ತಿಕೊಳ್ಳುತ್ತದೆ. ಮನೆಯಲ್ಲಿ ಮೂರು ಸಲ ನಿಂತದ್ದು ದುರಸ್ತಿ ಅಂಗಡಿಯ ಮೇಜಿನ ಮೇಲೆ ಒಮ್ಮೆಯೂ ನಿಲ್ಲುವುದಿಲ್ಲ. ಇಂತಹ ದೋಷವನ್ನು ಹಿಡಿಯಲು ಬೇಕಾದುದು ದುಬಾರಿಯಾದ ಉಪಕರಣಗಳಲ್ಲ. ಪ್ರೌಢಶಾಲೆಯ ಭೌತವಿಜ್ಞಾನ, ಒಂದು ನೋಟ್‌ಪುಸ್ತಕ ಮತ್ತು ತಾಳ್ಮೆ. ಅದು ಹೇಗೆಂಬುದನ್ನು ಈ ಲೇಖನದಲ್ಲಿ ವಿಚಾರ ಮಾಡೋಣ.

ನಾಲ್ಕು ತಾಲ್ಲೂಕುಗಳ ಮಾತು

ಹುಣಸೂರು, ಪಿರಿಯಾಪಟ್ಟಣ, ಕೃಷ್ಣರಾಜನಗರ, ಹೆಗ್ಗಡದೇವನಕೋಟೆ ಇವು ಮೈಸೂರು ಜಿಲ್ಲೆಯ ನಾಲ್ಕು ತಾಲ್ಲೂಕುಗಳು. ಹುಣಸೂರು ಪಿರಿಯಾಪಟ್ಟಣಗಳಲ್ಲಿ ಹೊಗೆಸೊಪ್ಪಿನ ಹೊಲಗಳು, ಕೃಷ್ಣರಾಜನಗರದಲ್ಲಿ ಕಾವೇರಿಯ ನೀರುಂಡ ಭತ್ತದ ಗದ್ದೆಗಳು, ಕೋಟೆಯ ಕಡೆ ಕಬಿನಿಯ ಹಿನ್ನೀರು ಮತ್ತು ನಾಗರಹೊಳೆಯ ಕಾಡು. ಇಲ್ಲಿನ ಅನೇಕ ಮನೆಗಳಿಗೆ ಮೊದಲ ಲ್ಯಾಪ್‌ಟಾಪ್ ಬಂದುದು ಕಾಲೇಜಿಗೆ ಹೋಗುವ ಮಗ ಅಥವಾ ಮಗಳ ಮೂಲಕ. 2019-20ನೆಯ ಶೈಕ್ಷಣಿಕ ವರ್ಷದಲ್ಲಿ ಕರ್ನಾಟಕ ಸರ್ಕಾರವು ಸರ್ಕಾರಿ ಪ್ರಥಮ ದರ್ಜೆ ಕಾಲೇಜುಗಳ ಮೊದಲ ವರ್ಷದ ವಿದ್ಯಾರ್ಥಿಗಳಿಗೆ ಲ್ಯಾಪ್‌ಟಾಪ್‌ಗಳನ್ನು ವಿತರಿಸಿತು. ಅದರ ಬೆನ್ನಲ್ಲೇ 2020ರಲ್ಲಿ ಸಾಂಕ್ರಾಮಿಕದ ನಿಮಿತ್ತ ಪಾಠಗಳು ಪರದೆಯ ಮೇಲೆ ನಡೆಯತೊಡಗಿದುವು. ಆ ಯಂತ್ರಗಳಿಗೆ ಈಗ ವಯಸ್ಸಾಗಿದೆ. ಅವುಗಳಲ್ಲಿ ಕೆಲವು ತಮ್ಮನ ಅಥವಾ ತಂಗಿಯ ಕೈಗೆ ದಾಟಿವೆ. ಬಳಸಿದ ಯಂತ್ರವನ್ನು ಕಡಿಮೆ ಬೆಲೆಗೆ ಕೊಂಡವರೂ ಉಂಟು.

ಇಂತಹ ಮನೆಯಲ್ಲಿ ಲ್ಯಾಪ್‌ಟಾಪ್ ಕೈಕೊಟ್ಟರೆ ನಷ್ಟವು ಸಣ್ಣದಲ್ಲ. ಹುಣಸೂರಿನಿಂದ ಮೈಸೂರಿಗೆ ಸುಮಾರು 45 ಕಿಲೋಮೀಟರು. ಪಿರಿಯಾಪಟ್ಟಣದಿಂದ ಅದಕ್ಕಿಂತಲೂ ದೂರ. ಒಂದು ದಿನದ ಪಾಠ, ಬಸ್ಸಿನ ಖರ್ಚು, ಜೊತೆಗೆ ಬರುವ ತಂದೆಯ ಒಂದು ದಿನದ ದುಡಿಮೆ ಇವಿಷ್ಟನ್ನು ತೆತ್ತ ಮೇಲೆ “ಮದರ್‌ಬೋರ್ಡ್ ಹೋಗಿದೆ” ಎಂಬ ಮಾತು ಕಿವಿಗೆ ಬಿದ್ದರೆ ಹಲವು ಸಾವಿರ ರೂಪಾಯಿಗಳ ಪ್ರಶ್ನೆ ಏಳುತ್ತದೆ. ಆ ಮಾತು ನಿಜವಾಗಿರಬಹುದು, ಆಗದೆಯೂ ಇರಬಹುದು. ನಿಜವೋ ಅಲ್ಲವೋ ಎಂಬುದನ್ನು ಕೇಳಿ ತಿಳಿಯುವಷ್ಟು ವಿವೇಕವು ಯಂತ್ರದ ಒಡೆಯನಲ್ಲಿ ಇರಬೇಡವೆ?

ಮೊದಲು ಬರವಣಿಗೆ ಉಳಿಯಲಿ

ಯಂತ್ರವು ಒಂದೆರಡು ಸಲ ಅಕಾರಣವಾಗಿ ನಿಂತಿತೆಂದರೆ, ಕಾರಣವನ್ನು ಹುಡುಕುವ ಮೊದಲು ಮಾಡಬೇಕಾದ ಕೆಲಸವೊಂದಿದೆ. ಅದರೊಳಗಿನ ಬರಹ, ಚಿತ್ರ, ಅಂಕಪಟ್ಟಿ, ಪ್ರಾಜೆಕ್ಟ್ ವರದಿ ಇವೆಲ್ಲವನ್ನೂ ಪೆನ್‌ಡ್ರೈವಿಗಾಗಲಿ ಬೇರೊಂದು ಡಿಸ್ಕಿಗಾಗಲಿ ನಕಲು ಮಾಡಿಡಬೇಕು. ಮನೆಯ ಮಾಡು ಸೋರುತ್ತಿದ್ದರೆ ಹೆಂಚು ಎಲ್ಲಿ ಒಡೆದಿದೆಯೆಂದು ನೋಡುವ ಮೊದಲು ಭತ್ತದ ಮೂಟೆಯನ್ನು ಪಕ್ಕಕ್ಕೆ ಸರಿಸುವುದಿಲ್ಲವೆ? ಇದೂ ಹಾಗೆಯೇ. ಪರೀಕ್ಷೆಗಳನ್ನು ನಡೆಸುವಾಗ ಯಂತ್ರವು ಇನ್ನೂ ಕೆಲವು ಸಲ ನಿಲ್ಲುವುದು ಖಂಡಿತ. ಹಾಗೆ ನಿಂತಾಗಲೆಲ್ಲ ಬರೆಯುತ್ತಿರುವ ಕಡತವು ಹಾಳಾಗುವ ಸಂಭವವುಂಟು.

ಡಿಸ್ಕು ತಾನೇ ರೋಗಿಯಾಗಿದ್ದರೆ ಈ ಅವಸರವು ಇನ್ನೂ ಹೆಚ್ಚು. ಹಳೆಯ ಲ್ಯಾಪ್‌ಟಾಪ್‌ಗಳಲ್ಲಿ ಹೆಚ್ಚಾಗಿ ಇರುವುದು ತಿರುಗುವ ಹಾರ್ಡ್‌ಡಿಸ್ಕು. ಅದರ ತಟ್ಟೆಯು ಸಾಮಾನ್ಯವಾಗಿ ನಿಮಿಷಕ್ಕೆ 5400 ಸುತ್ತು, ಎಂದರೆ ಸೆಕೆಂಡಿಗೆ 90 ಸುತ್ತು ತಿರುಗುತ್ತದೆ. ಓದುವ ತಲೆಯು ತಟ್ಟೆಯನ್ನು ಮುಟ್ಟದೆ ಕೆಲವೇ ನ್ಯಾನೋಮೀಟರುಗಳ ಎತ್ತರದಲ್ಲಿ ತೇಲುತ್ತಿರುತ್ತದೆ. ಡಿಸ್ಕಿನಿಂದ “ಟಕ್ ಟಕ್” ಎಂಬ ಸದ್ದು ಮತ್ತೆ ಮತ್ತೆ ಕೇಳಿಬಂದರೆ ಅದು ಎಚ್ಚರಿಕೆಯ ಗಂಟೆ. ಹೊಸ ಯಂತ್ರಗಳ ಎಸ್‌ಎಸ್‌ಡಿಯಲ್ಲಿ ತಿರುಗುವ ಭಾಗವಿಲ್ಲ. ಆದುದರಿಂದ ಸದ್ದೂ ಇಲ್ಲ. ಅದು ಸುಳಿವು ಕೊಡದೆ ಸಾಯಬಲ್ಲುದು. ಎರಡು ಬಗೆಯ ಡಿಸ್ಕುಗಳೂ ತಮ್ಮ ಆರೋಗ್ಯದ ಲೆಕ್ಕವನ್ನು ತಾವೇ ಇಟ್ಟುಕೊಂಡಿರುತ್ತವೆ. ‘ಸ್ಮಾರ್ಟ್’ ಎಂದು ಕರೆಯುವ ಆ ಲೆಕ್ಕವನ್ನು ಕ್ರಿಸ್ಟಲ್‌ಡಿಸ್ಕ್‌ಇನ್ಫೋ ಮುಂತಾದ ಉಚಿತ ತಂತ್ರಾಂಶಗಳಿಂದ ಓದಬಹುದು.

ಹುಳುವನ್ನು ಅಂಟಿಸಿದ ಪುಸ್ತಕ

1947ನೆಯ ಇಸವಿಯ ಸೆಪ್ಟೆಂಬರ್ 9ರಂದು ಅಮೆರಿಕದ ಹಾರ್ವರ್ಡ್ ವಿಶ್ವವಿದ್ಯಾನಿಲಯದ ‘ಮಾರ್ಕ್ 2’ ಎಂಬ ಬೃಹತ್ ಗಣಕಯಂತ್ರವು ತಪ್ಪು ಮಾಡಿತು. ಆ ಯಂತ್ರದಲ್ಲಿ ಇಂದಿನ ಚಿಪ್ಪುಗಳಿರಲಿಲ್ಲ; ವಿದ್ಯುತ್ಕಾಂತದಿಂದ ತೆರೆದು ಮುಚ್ಚುವ ರಿಲೇಗಳಿದ್ದುವು. ಕೆಲಸಗಾರರು ಹುಡುಕುತ್ತ ಹೋದಾಗ ‘ಎಫ್’ ಫಲಕದ 70ನೆಯ ರಿಲೇಯ ನಡುವೆ ಒಂದು ಪತಂಗವು ಸಿಕ್ಕಿಕೊಂಡಿತ್ತು. ಅವರು ಆ ಹುಳುವನ್ನು ತೆಗೆದು ದಿನಚರಿಯ ಪುಸ್ತಕಕ್ಕೆ ಅಂಟಿಸಿ, ಪಕ್ಕದಲ್ಲಿ ವಿವರವನ್ನು ಬರೆದಿಟ್ಟರು. ಹುಳುವಿನ ಕಥೆಯು ಲೋಕಪ್ರಸಿದ್ಧವಾಯಿತು. ಆದರೆ ಅದರಲ್ಲಿ ನಾವು ಗಮನಿಸಬೇಕಾದುದು ಹುಳುವಿಗಿಂತ ಹೆಚ್ಚಾಗಿ ಆ ಪುಸ್ತಕವನ್ನು. ಯಂತ್ರವು ಯಾವಾಗ ಏನು ಮಾಡಿತೆಂಬುದನ್ನು ಗಳಿಗೆ ಗಳಿಗೆಗೂ ಬರೆದಿಡುವ ಪದ್ಧತಿ ಅವರಲ್ಲಿತ್ತು.

ನಾವೂ ಹಾಗೆಯೇ ಒಂದು ನೋಟ್‌ಪುಸ್ತಕದಲ್ಲಿ ಕೆಲವು ಅಂಕಣಗಳನ್ನು ಗೀಚಿಕೊಳ್ಳೋಣ: ದಿನ, ಗಂಟೆ, ಎಷ್ಟು ಹೊತ್ತು ಬಳಸಿದ ಮೇಲೆ ನಿಂತಿತು, ಚಾರ್ಜರ್ ತಗುಲಿಸಿತ್ತೆ, ಯಂತ್ರವು ಎಲ್ಲಿತ್ತು, ಆಗ ನಾವು ಏನು ಮಾಡುತ್ತಿದ್ದೆವು. ನಿಂತ ಬಗೆಯನ್ನೂ ಬರೆಯಬೇಕು. ಪರದೆ ನೀಲಿಯಾಯಿತೆ, ಚಿತ್ರ ಕದಲದೆ ನಿಂತುಬಿಟ್ಟಿತೆ, ಅಥವಾ ದೀಪ ಆರಿದಂತೆ ಒಮ್ಮೆಗೇ ಆರಿತೆ? ವಿಂಡೋಸ್ ವ್ಯವಸ್ಥೆಯು ತನ್ನದೇ ಆದ ದಿನಚರಿಯನ್ನೂ ಇಡುತ್ತದೆ. ಅದನ್ನು ‘ಇವೆಂಟ್ ವ್ಯೂವರ್’ ಎಂಬಲ್ಲಿ ನೋಡಬಹುದು. ಅಲ್ಲಿ ‘ಕರ್ನೆಲ್ ಪವರ್ 41’ ಎಂಬ ಸಾಲು ಕಂಡರೆ, ಯಂತ್ರವು ಕ್ರಮವಾಗಿ ಮುಚ್ಚಿಕೊಳ್ಳದೆ ನಿಂತಿತೆಂದು ಅರ್ಥ. ಏಕೆ ನಿಂತಿತೆಂಬುದನ್ನು ಆ ಸಾಲು ಹೇಳುವುದಿಲ್ಲ. ಅದನ್ನು ಹುಡುಕುವ ಕೆಲಸ ನಮ್ಮದು.

ಅರ್ಧ ಅರ್ಧವಾಗಿ ಹಂಚುವುದು

ಸಂಶಯಕ್ಕೆ ಗುರಿಯಾಗುವವರು ಎಂಟು ಮಂದಿ ಎಂದುಕೊಳ್ಳೋಣ: ಚಾರ್ಜರ್, ಬ್ಯಾಟರಿ, ಫ್ಯಾನು, ರ‍್ಯಾಮ್, ಡಿಸ್ಕು, ಪರದೆಯ ಕೇಬಲ್, ಮದರ್‌ಬೋರ್ಡ್ ಮತ್ತು ತಂತ್ರಾಂಶ. ಒಬ್ಬೊಬ್ಬರನ್ನಾಗಿ ವಿಚಾರಣೆ ಮಾಡಿದರೆ ಏಳು ಪರೀಕ್ಷೆಗಳಾದರೂ ಬೇಕಾಗಬಹುದು. ಪ್ರತಿಯೊಂದು ಪರೀಕ್ಷೆಯೂ ಸಂಶಯಿತರಲ್ಲಿ ಅರ್ಧ ಮಂದಿಯನ್ನು ಬಿಡುಗಡೆ ಮಾಡುವಂತಿದ್ದರೆ ಮೂರೇ ಸಾಕು; ಏಕೆಂದರೆ ಎಂಟರ ಅರ್ಧ ನಾಲ್ಕು, ನಾಲ್ಕರ ಅರ್ಧ ಎರಡು, ಎರಡರ ಅರ್ಧ ಒಂದು. ಪ್ರತ್ಯಕ್ಷ ಕೆಲಸದಲ್ಲಿ ಹಂಚಿಕೆಯು ಇಷ್ಟು ನೇರವಾಗಿ ಆಗುವುದಿಲ್ಲವಾದರೂ, ಹೆಚ್ಚು ಮಂದಿಯನ್ನು ಒಟ್ಟಿಗೆ ಬಿಡುಗಡೆ ಮಾಡುವ ಪರೀಕ್ಷೆಯನ್ನೇ ಮೊದಲು ಮಾಡಬೇಕೆಂಬ ನಿಯಮವು ಎಲ್ಲೆಡೆಗೂ ಸಲ್ಲುತ್ತದೆ.

ಅಂತಹ ಪರೀಕ್ಷೆಗಳಲ್ಲಿ ಮೊದಲನೆಯದು, ಯಂತ್ರವನ್ನು ಬೇರೊಂದು ವ್ಯವಸ್ಥೆಯಿಂದ ನಡೆಸಿ ನೋಡುವುದು. ಲಿನಕ್ಸ್ ವ್ಯವಸ್ಥೆಯನ್ನು ಪೆನ್‌ಡ್ರೈವಿಗೆ ತುಂಬಿ, ಡಿಸ್ಕನ್ನು ಮುಟ್ಟದೆ ಅದರಿಂದಲೇ ಯಂತ್ರವನ್ನು ಆರಂಭಿಸಬಹುದು. ಹಾಗೆ ನಡೆಸಿದಾಗಲೂ ಬೇನೆಯು ಬಂದರೆ ವಿಂಡೋಸ್ ಮತ್ತು ಡಿಸ್ಕು ಎರಡೂ ಬಹುಮಟ್ಟಿಗೆ ನಿರ್ದೋಷಿಗಳು. ಬಾರದಿದ್ದರೆ ಸಂಶಯವು ಅವೆರಡರ ಮೇಲೆಯೇ ನೆಲೆಸುತ್ತದೆ.

ಎರಡನೆಯ ನಿಯಮವು ಇನ್ನೂ ಮುಖ್ಯವಾದುದು: ಒಂದು ಸಲಕ್ಕೆ ಒಂದೇ ಬದಲಾವಣೆ. ಚಾರ್ಜರನ್ನೂ ಬದಲಾಯಿಸಿ, ರ‍್ಯಾಮನ್ನೂ ಕಿತ್ತು ಹಾಕಿ, ವಿಂಡೋಸನ್ನೂ ಹೊಸದಾಗಿ ತುಂಬಿದರೆ ಯಂತ್ರವು ಸರಿಹೋಗಬಹುದು. ಆದರೆ ಯಾವುದರಿಂದ ಸರಿಹೋಯಿತೆಂಬುದು ಯಾರಿಗೂ ತಿಳಿಯದು. ಬೇನೆ ಮರಳಿ ಬಂದಾಗ ನಾವು ಹೊರಟ ಸ್ಥಳದಲ್ಲಿಯೇ ಇರುತ್ತೇವೆ.

ವಿದ್ಯುತ್ತಿನ ದಾರಿ

ಕಾವೇರಿಯ ನೀರಿನಿಂದ ಶಿವನಸಮುದ್ರದಲ್ಲಿ 1902ರಲ್ಲಿಯೇ ವಿದ್ಯುತ್ತನ್ನು ಪಡೆದ ನಾಡು ನಮ್ಮದು. ಆದರೂ ವಿದ್ಯುತ್ ಸಾಲಿನ ತುದಿಯಲ್ಲಿರುವ ಹಳ್ಳಿಯ ಮನೆಯಲ್ಲಿ, ಸುತ್ತಲಿನ ಪಂಪ್‌ಸೆಟ್ಟುಗಳು ಒಟ್ಟಿಗೆ ಓಡತೊಡಗಿದಾಗ ದೀಪಗಳು ಮಂಕಾಗುವುದುಂಟು. ಲ್ಯಾಪ್‌ಟಾಪ್ ನಿಂತರೆ ಮನೆಯವರು ಮೊದಲು ದೂರುವುದು ಈ ‘ಲೋ ವೋಲ್ಟೇಜ’ನ್ನೇ. ಆದರೆ ಚಾರ್ಜರಿನ ಬೆನ್ನಿನ ಮೇಲಿರುವ ಸಣ್ಣ ಅಕ್ಷರಗಳನ್ನು ಓದಿ ನೋಡಿರಿ. ‘100ರಿಂದ 240 ವೋಲ್ಟ್, 50ರಿಂದ 60 ಹರ್ಟ್ಸ್’ ಎಂದು ಅಲ್ಲಿ ಅಚ್ಚಾಗಿರುತ್ತದೆ. ಮನೆಯ 230 ವೋಲ್ಟ್ 160ಕ್ಕೆ ಇಳಿದರೂ ಒಳ್ಳೆಯ ಚಾರ್ಜರ್ ತನ್ನ ಹೊರಗಿನ 19 ವೋಲ್ಟನ್ನು ಬಿಟ್ಟುಕೊಡುವುದಿಲ್ಲ. ಅದಕ್ಕೆ ನಿಜವಾದ ಶತ್ರುಗಳು ಎರಡು: ಭರಣಿ ಮಳೆಯ ಕಾಲದ ಸಿಡಿಲು ಸಾಲಿನೊಳಕ್ಕೆ ನುಗ್ಗಿಸುವ ಕ್ಷಣಿಕವಾದ ಅತಿ ವೋಲ್ಟೇಜು ಮತ್ತು ಸಡಿಲವಾದ ಸಾಕೆಟ್ಟು. ಗುಡುಗು ಕೇಳಿದೊಡನೆ ಪ್ಲಗ್ಗನ್ನು ಕೀಳುವುದೇ ಮೊದಲನೆಯದಕ್ಕೆ ಮದ್ದು.

ಎರಡನೆಯದರ ಲೆಕ್ಕವನ್ನು ಓಮನ ನಿಯಮದಿಂದಲೇ ಮಾಡಬಹುದು. 65 ವ್ಯಾಟಿನ ಚಾರ್ಜರ್ 19 ವೋಲ್ಟಿನಲ್ಲಿ ಸುಮಾರು 3.4 ಆಂಪಿಯರ್ ಪ್ರವಾಹವನ್ನು ಕೊಡುತ್ತದೆ. ಚಾರ್ಜರಿನ ತುದಿಯು ಲ್ಯಾಪ್‌ಟಾಪಿನೊಳಕ್ಕೆ ಸೇರುವ ಜಾಗದಲ್ಲಿ ಸಂಪರ್ಕವು ಸಡಿಲಗೊಂಡು ಅರ್ಧ ಓಮಿನ ರೋಧ ಹುಟ್ಟಿತೆನ್ನೋಣ. ಅಲ್ಲಿ ವ್ಯರ್ಥವಾಗುವ ವೋಲ್ಟೇಜು 3.4ನ್ನು 0.5ರಿಂದ ಗುಣಿಸಿದಷ್ಟು, ಎಂದರೆ 1.7 ವೋಲ್ಟ್. ಹುಟ್ಟುವ ಶಾಖವು ಪ್ರವಾಹದ ವರ್ಗವನ್ನು ರೋಧದಿಂದ ಗುಣಿಸಿದಷ್ಟು, ಎಂದರೆ ಸುಮಾರು 5.8 ವ್ಯಾಟ್. ಕಡಲೆಕಾಳಿನಷ್ಟು ಜಾಗದಲ್ಲಿ ಇಷ್ಟು ಶಾಖವು ಬಿಡುಗಡೆಯಾದರೆ ಪ್ಲಾಸ್ಟಿಕ್ಕು ಮೆತ್ತಗಾಗಿ ಸಂಪರ್ಕವು ಇನ್ನೂ ಸಡಿಲವಾಗುತ್ತದೆ. ಆ ಜಾಗ ಕೈಗೆ ಬಿಸಿಯಾಗಿ ತಗುಲಿದರೆ ಅಥವಾ ತಂತಿಯನ್ನು ಅಲುಗಿಸಿದಾಗ ಚಾರ್ಜಿಂಗ್ ದೀಪ ಮಿನುಗಿದರೆ ದೋಷವು ಸಿಕ್ಕಿತೆಂದೇ ಭಾವಿಸಬಹುದು. ಅನೇಕ ಯಂತ್ರಗಳಲ್ಲಿ ಈ ಭಾಗವನ್ನು ಬದಲಾಯಿಸುವ ಖರ್ಚು ಮದರ್‌ಬೋರ್ಡಿನ ಬೆಲೆಯ ಒಂದು ಸಣ್ಣ ಪಾಲು ಮಾತ್ರ.

ಲ್ಯಾಪ್‌ಟಾಪಿನ ಲೋಹದ ಮೈ ಮುಟ್ಟಿದಾಗ ಬೆರಳಿಗೆ ಜುಮ್ಮೆನ್ನುವುದನ್ನು ಕೆಲವರು ದೋಷವೆಂದು ಹೆದರುವುದುಂಟು. ಚಾರ್ಜರಿನೊಳಗಿನ ಸಣ್ಣ ಕೆಪಾಸಿಟರುಗಳ ಮೂಲಕ ಮಿಲಿಆಂಪಿಯರಿನ ಒಂದು ಅಂಶದಷ್ಟು ಪ್ರವಾಹ ಸೋರುತ್ತದೆ. ಸಾಕೆಟ್ಟಿಗೆ ಸರಿಯಾದ ಅರ್ತಿಂಗ್ ಇದ್ದರೆ ಅದು ನೆಲಕ್ಕೆ ಹರಿದುಹೋಗುತ್ತದೆ. ಇಲ್ಲದಿದ್ದರೆ ನಮ್ಮ ಬೆರಳನ್ನು ಹುಡುಕುತ್ತದೆ. ಆದುದರಿಂದ ದೋಷವಿರುವುದು ಯಂತ್ರದಲ್ಲಲ್ಲ, ಹೆಚ್ಚಾಗಿ ಗೋಡೆಯ ಮೂರನೆಯ ತೂತಿನಲ್ಲಿ. ಅದನ್ನು ಎಲೆಕ್ಟ್ರೀಷಿಯನ್‌ನಿಂದ ಸರಿಪಡಿಸಿಕೊಳ್ಳುವುದು ಮನೆಯವರೆಲ್ಲರ ಪ್ರಾಣಕ್ಕೂ ಕ್ಷೇಮ.

ಬ್ಯಾಟರಿಯ ವಿಷಯದಲ್ಲಿ ಒಂದೇ ಎಚ್ಚರಿಕೆ. ಲ್ಯಾಪ್‌ಟಾಪಿನ ಕೆಳಭಾಗ ಉಬ್ಬಿದ್ದರೆ ಅಥವಾ ಟಚ್‌ಪ್ಯಾಡು ಮೇಲೆದ್ದಿದ್ದರೆ ಲಿಥಿಯಂ ಬ್ಯಾಟರಿಯೊಳಗೆ ಅನಿಲ ತುಂಬಿದೆಯೆಂದು ಅರ್ಥ. ಆ ಕೂಡಲೇ ಬಳಕೆಯನ್ನು ನಿಲ್ಲಿಸಬೇಕು. ಅದನ್ನು ಒತ್ತುವುದು, ಚುಚ್ಚುವುದು, ಬೆಂಕಿಗೆ ಎಸೆಯುವುದು ಮೂರೂ ಅಪಾಯಕರ. ಬಲ್ಲವರಿಂದಲೇ ಬಿಚ್ಚಿಸಬೇಕು.

ಶಾಖದ ದಾರಿ

ಲ್ಯಾಪ್‌ಟಾಪಿನ ಸಂಸ್ಕಾರಕವು ಸಾಮಾನ್ಯವಾಗಿ 100 ಡಿಗ್ರಿ ಸೆಲ್ಸಿಯಸ್ಸಿನ ಆಸುಪಾಸಿನವರೆಗೆ ಕೆಲಸ ಮಾಡಬಲ್ಲುದು. ಆ ಮೇರೆಯನ್ನು ಸಮೀಪಿಸಿದಾಗ ತನ್ನ ವೇಗವನ್ನು ತಾನೇ ತಗ್ಗಿಸಿಕೊಳ್ಳುತ್ತದೆ. ಮೀರಿದರೆ ಪ್ರಾಣರಕ್ಷಣೆಗಾಗಿ ಯಂತ್ರವನ್ನೇ ಆರಿಸಿಬಿಡುತ್ತದೆ. ಶಾಖವು ಸಂಸ್ಕಾರಕದಿಂದ ತಾಮ್ರದ ಕೊಳವೆಗೆ, ಅಲ್ಲಿಂದ ತೆಳ್ಳಗಿನ ಲೋಹದ ರೆಕ್ಕೆಗಳಿಗೆ, ಅಲ್ಲಿಂದ ಫ್ಯಾನಿನ ಗಾಳಿಗೆ ಹೋಗಬೇಕು. ಸಂಸ್ಕಾರಕಕ್ಕೂ ತಾಮ್ರಕ್ಕೂ ನಡುವೆ ಹಚ್ಚಿರುವ ಲೇಪವು ವರ್ಷಗಳು ಕಳೆದಂತೆ ಒಣಗಿ ಬಿರುಕುಬಿಟ್ಟರೆ ಆ ಬಿರುಕಿನಲ್ಲಿ ಗಾಳಿ ಸೇರುತ್ತದೆ. ಗಾಳಿಯು ಶಾಖಕ್ಕೆ ಬಹಳ ಕೆಟ್ಟ ವಾಹಕ; ಆ ಲೇಪವು ಅದಕ್ಕಿಂತ ಹಲವು ಹತ್ತು ಪಟ್ಟು ಉತ್ತಮ.

ನಮ್ಮ ಸೀಮೆಯ ಧೂಳಿಗೂ ಇಲ್ಲಿ ಪಾತ್ರವುಂಟು. ರಾಗಿಯ ಒಕ್ಕಣೆಯ ದಿನಗಳಲ್ಲಿ ಕಣದಿಂದ ಹಾರುವ ಹೊಟ್ಟು, ಹೊಗೆಸೊಪ್ಪಿನ ಬ್ಯಾರನ್ನುಗಳ ಸುತ್ತಲಿನ ಮಸಿ, ಮಣ್ಣುರಸ್ತೆಯ ಕೆಂಧೂಳು ಇವೆಲ್ಲವನ್ನೂ ಫ್ಯಾನು ಒಳಕ್ಕೆ ಎಳೆದುಕೊಂಡು ರೆಕ್ಕೆಗಳ ನಡುವೆ ಕಂಬಳಿಯಂತೆ ನೇಯ್ದಿಡುತ್ತದೆ. ಹಾಸಿಗೆಯ ಮೇಲೆ ಯಂತ್ರವನ್ನಿಟ್ಟು ಕೆಲಸ ಮಾಡುವವರು ಕೆಳಗಿನ ಗಾಳಿಕಂಡಿಯನ್ನೂ ಮುಚ್ಚಿಬಿಡುತ್ತಾರೆ. ಬೇನೆಗೆ ಶಾಖವೇ ಕಾರಣವೆಂದು ತಿಳಿಯುವ ಗುರುತು ಇದು: ಭಾರವಾದ ಕೆಲಸ ಕೊಟ್ಟಾಗ ಬೇಗ ನಿಲ್ಲುತ್ತದೆ, ನಿಂತ ಕೂಡಲೇ ಮತ್ತೆ ಹಚ್ಚಿದರೆ ಇನ್ನೂ ಬೇಗ ನಿಲ್ಲುತ್ತದೆ, ಅರ್ಧ ಗಂಟೆ ಆರಲು ಬಿಟ್ಟರೆ ಹೆಚ್ಚು ಹೊತ್ತು ನಡೆಯುತ್ತದೆ. ಈ ಕ್ರಮವು ನೋಟ್‌ಪುಸ್ತಕದಲ್ಲಿ ಕಾಣದಿದ್ದರೆ ಶಾಖದ ಮೇಲಿನ ಸಂಶಯವನ್ನು ಬದಿಗಿಡಬಹುದು.

ಶಾಖವು ಇನ್ನೊಂದು ನಿಧಾನವಾದ ಕೇಡನ್ನೂ ಮಾಡುತ್ತದೆ. ಬಿಸಿಯಾದಾಗ ವಸ್ತುಗಳು ಹಿಗ್ಗುತ್ತವೆ. ಆದರೆ ಎಲ್ಲವೂ ಒಂದೇ ಸಮನಾಗಿ ಹಿಗ್ಗುವುದಿಲ್ಲ. ಒಂದು ಡಿಗ್ರಿಗೆ ಸಿಲಿಕಾನ್ ತನ್ನ ಉದ್ದದ ಹತ್ತು ಲಕ್ಷದಲ್ಲಿ ಸುಮಾರು 2.6 ಪಾಲು ಹಿಗ್ಗಿದರೆ, ಅದರ ಕೆಳಗಿನ ಹಲಗೆಯು ಸುಮಾರು 15 ಪಾಲು ಹಿಗ್ಗುತ್ತದೆ. 10 ಮಿಲಿಮೀಟರ್ ಅಗಲದ ಚಿಪ್ಪು 50 ಡಿಗ್ರಿ ಬಿಸಿಯಾದಾಗ ಇವೆರಡರ ನಡುವಣ ವ್ಯತ್ಯಾಸವು ಸುಮಾರು 6 ಮೈಕ್ರಾನ್, ಕೂದಲಿನ ದಪ್ಪದ ಹತ್ತನೆಯ ಒಂದು ಪಾಲಿನಷ್ಟು. ಇದೇನು ಮಹಾ ಎನ್ನಬಹುದು. ದಿನಕ್ಕೆ ಹಲವು ಬಾರಿಯಂತೆ ವರ್ಷಗಟ್ಟಲೆ ಈ ಜಗ್ಗಾಟ ನಡೆದರೆ, ನಡುವಿನ ಬೆಸುಗೆಯ ಕಣಗಳು ಹಿಂದಕ್ಕೂ ಮುಂದಕ್ಕೂ ಬಗ್ಗಿಸಿದ ತಂತಿಯಂತೆ ದಣಿದು ಬಿರುಕುಬಿಡುತ್ತವೆ. ಬಿರುಕಿನ ಎರಡು ದಡಗಳು ಒಮ್ಮೆ ಕೂಡುತ್ತವೆ, ಒಮ್ಮೆ ಅಗಲುತ್ತವೆ. ಬಂದು ಹೋಗುವ ಬೇನೆಯ ಮೂಲಗಳಲ್ಲಿ ಇದೂ ಒಂದು. ಕೆಲವೆಡೆ ಬಿಸಿಗಾಳಿ ಹೊಡೆದು ಇದನ್ನು ‘ಸರಿ’ ಮಾಡಿಕೊಡುತ್ತಾರೆ. ಈಗಿನ ಸೀಸವಿಲ್ಲದ ಬೆಸುಗೆಯು ಕರಗಲು ಸುಮಾರು 217 ಡಿಗ್ರಿ ಬೇಕು. ಅಷ್ಟನ್ನು ಮುಟ್ಟಿಸದೆ ಬಿಸಿ ಮಾಡಿದರೆ ಬಿರುಕಿನ ದಡಗಳು ಕೆಲವು ದಿನ ಕೂಡಿಕೊಂಡಂತಾಗಿ ಮತ್ತೆ ಅಗಲುತ್ತವೆ. ಇಂತಹ ದುರಸ್ತಿಗೆ ಹಣ ಕೊಡುವ ಮೊದಲು ಎಷ್ಟು ತಿಂಗಳ ಭರವಸೆ ಎಂದು ಕೇಳುವುದು ಒಳ್ಳೆಯದು.

ಒಂದು ದೃಷ್ಟಾಂತ

ಹೆಗ್ಗಡದೇವನಕೋಟೆ ತಾಲ್ಲೂಕಿನ ಹಳ್ಳಿಯೊಂದರ ವಿದ್ಯಾರ್ಥಿನಿಯೊಬ್ಬಳ ಲ್ಯಾಪ್‌ಟಾಪನ್ನು ನಾವು ಪರೀಕ್ಷಿಸಬೇಕಾಗಿ ಬಂದಿತು. ಅಂತಿಮ ವರ್ಷದ ಬಿ.ಎಸ್‌ಸಿ. ವರದಿಯನ್ನು ಒಪ್ಪಿಸಲು ಐದು ವಾರಗಳಿದ್ದುವು. ಯಂತ್ರವು ಮನೆಯಲ್ಲಿ ಮಾತ್ರ, ಅದರಲ್ಲಿಯೂ ಸಂಜೆಯ ಹೊತ್ತು ನಿಲ್ಲುತ್ತಿತ್ತು. ಒಂದು ಅಂಗಡಿಯಲ್ಲಿ ಮದರ್‌ಬೋರ್ಡನ್ನು ಬದಲಾಯಿಸಬೇಕೆಂದು ಹೇಳಿದ್ದರು. ಅಷ್ಟು ಹಣವನ್ನು ಹೊಂದಿಸಲು ಮನೆಯವರು ಒಂದು ಕರುವನ್ನು ಮಾರುವ ಆಲೋಚನೆಯಲ್ಲಿದ್ದರು.

ಬರಹಗಳನ್ನೆಲ್ಲ ನಕಲು ಮಾಡಿಸಿದ ಮೇಲೆ ಎರಡು ವಾರ ನೋಟ್‌ಪುಸ್ತಕವನ್ನು ಇಡಬೇಕೆಂದು ಆಕೆಗೆ ಹೇಳಿದೆವು. ಒಟ್ಟು 28 ಗಂಟೆಗಳ ಬಳಕೆಯಲ್ಲಿ ಯಂತ್ರವು 7 ಸಲ ನಿಂತಿತು. ಸರಾಸರಿ 4 ಗಂಟೆಗೊಮ್ಮೆ. ಸಂಜೆ ಪಂಪ್‌ಸೆಟ್ಟುಗಳು ಓಡುವುದರಿಂದ ವಿದ್ಯುತ್ತಿನ ದೋಷವೆಂದು ಮನೆಯವರು ನಂಬಿದ್ದರು. ಆದರೆ ಏಳರಲ್ಲಿ ಮೂರು ಸಲ ಯಂತ್ರವು ಬರಿಯ ಬ್ಯಾಟರಿಯ ಮೇಲೆ ನಡೆಯುತ್ತಿತ್ತು. ಆದುದರಿಂದ ಸಾಲಿನ ವಿದ್ಯುತ್ತೂ ಚಾರ್ಜರೂ ಬಿಡುಗಡೆಯಾದುವು. ಉಷ್ಣತೆಯನ್ನು ತೋರಿಸುವ ತಂತ್ರಾಂಶವು 60 ಡಿಗ್ರಿಯನ್ನು ದಾಟಿರಲಿಲ್ಲ, ಶಾಖವೂ ಬಿಡುಗಡೆಯಾಯಿತು. ಪೆನ್‌ಡ್ರೈವಿನ ಲಿನಕ್ಸಿನಲ್ಲಿ ನಡೆಸಿದಾಗಲೂ ನಿಂತಿತು. ಡಿಸ್ಕೂ ವಿಂಡೋಸೂ ಹೋದುವು. ಚಿತ್ರದ ಜೊತೆಗೆ ಇಡೀ ಯಂತ್ರವೇ ಸ್ತಬ್ಧವಾಗುತ್ತಿದ್ದುದರಿಂದ ಪರದೆಯ ಕೇಬಲ್ಲೂ ಕಾರಣವಾಗಿರಲಾರದು. ಉಳಿದುವು ರ‍್ಯಾಮ್ ಮತ್ತು ಮದರ್‌ಬೋರ್ಡ್.

ರ‍್ಯಾಮನ್ನು ಪರೀಕ್ಷಿಸುವ ಮೆಮ್‌ಟೆಸ್ಟ್86 ಎಂಬ ತಂತ್ರಾಂಶವನ್ನು ರಾತ್ರಿಯಿಡೀ ನಡೆಸಿದೆವು. ಒಂದು ತಪ್ಪೂ ಕಾಣಲಿಲ್ಲ! ಇಲ್ಲಿಗೆ ಬಂದಾಗ “ಹಾಗಾದರೆ ಮದರ್‌ಬೋರ್ಡೇ” ಎಂದು ತೀರ್ಮಾನಿಸುವುದು ಸುಲಭ. ಆದರೆ ನೋಟ್‌ಪುಸ್ತಕದ ಕೊನೆಯ ಅಂಕಣವು ಬೇರೊಂದು ಸಂಗತಿಯನ್ನು ಹೇಳುತ್ತಿತ್ತು. ಏಳರಲ್ಲಿ ಐದು ಸಲ “ಜಗಲಿಗೆ ತಂದೆ” ಅಥವಾ “ಜಗಲಿಯಿಂದ ಒಳಕ್ಕೆ ತಂದೆ” ಎಂದು ಬರೆದಿತ್ತು. ಆ ಮನೆಯಲ್ಲಿ ಮೊಬೈಲ್ ಸಿಗ್ನಲ್ ದೊರೆಯುವುದು ಜಗಲಿಯಲ್ಲಿ ಮಾತ್ರ. ಸಂಜೆ ಟಿಪ್ಪಣಿಗಳನ್ನು ಇಳಿಸಿಕೊಳ್ಳಲು ಆಕೆ ತೆರೆದ ಯಂತ್ರದ ಒಂದು ಮೂಲೆಯನ್ನು ಒಂದೇ ಕೈಯಲ್ಲಿ ಹಿಡಿದು ಜಗಲಿಗೆ ಹೋಗುತ್ತಿದ್ದಳು. ಹಾಗೆ ಹಿಡಿದಾಗ ತೆಳ್ಳಗಿನ ಮೈ ಸ್ವಲ್ಪ ಬಾಗುತ್ತದೆ. ಅಂಗಡಿಯ ಮೇಜು ಬಾಗುವುದಿಲ್ಲ. ನಮ್ಮ ಮೇಜೂ ಬಾಗಿರಲಿಲ್ಲ.

ಮರುದಿನ ಅದೇ ಪರೀಕ್ಷೆಯನ್ನು ನಡೆಸುತ್ತಿರುವಾಗಲೇ ಯಂತ್ರವನ್ನು ಒಂದು ಮೂಲೆಯಿಂದ ಎತ್ತಿ ಹಿಡಿದೆವು. ಕೆಲವೇ ನಿಮಿಷಗಳಲ್ಲಿ ಪರದೆಯ ತುಂಬ ತಪ್ಪುಗಳ ಕೆಂಪು ಸಾಲುಗಳು ಮೂಡಿದುವು. ಬೇನೆಯು ನಾವು ಕರೆದಾಗ ಬಂದಿತು. ಕರೆದಾಗ ಬರುವ ಬೇನೆಯು ಅರ್ಧ ವಾಸಿಯಾದಂತೆಯೇ.

ಇನ್ನು ಉಳಿದುದು ಅಪರಾಧಿಯು ರ‍್ಯಾಮ್ ಪಟ್ಟಿಯೋ ಅದು ಕೂರುವ ಗಾಡಿಯೋ ಎಂಬ ಪ್ರಶ್ನೆ. ಆ ಯಂತ್ರದಲ್ಲಿ ಎರಡು ಗಾಡಿಗಳಿದ್ದು ಒಂದರಲ್ಲಿ ಮಾತ್ರ ಪಟ್ಟಿಯಿತ್ತು. ಪಟ್ಟಿಯನ್ನು ತೆಗೆದು ಅದೇ ಗಾಡಿಯಲ್ಲಿ ಮತ್ತೆ ಕೂರಿಸಿದೆವು, ಬೇನೆ ಹೋಗಲಿಲ್ಲ. ಎರಡನೆಯ ಗಾಡಿಗೆ ಹಾಕಿದೆವು. ಎಷ್ಟು ಎತ್ತಿ ಹಿಡಿದರೂ ತಪ್ಪುಗಳು ಕಾಣಲಿಲ್ಲ. ಅಲ್ಲಿಗೇ ನಿಲ್ಲಿಸದೆ ಮೊದಲನೆಯ ಗಾಡಿಗೆ ಹಿಂದಿರುಗಿಸಿದೆವು, ತಪ್ಪುಗಳು ಮರಳಿದುವು. ಚೆನ್ನಾಗಿದ್ದ ಬೇರೊಂದು ಪಟ್ಟಿಯನ್ನು ಅಲ್ಲಿಗೆ ಹಾಕಿದಾಗಲೂ ತಪ್ಪುಗಳು ಬಂದುವು. ಆದುದರಿಂದ ಪಟ್ಟಿಯು ನಿರ್ದೋಷಿ. ದೋಷವಿದ್ದುದು ಮೊದಲನೆಯ ಗಾಡಿಯಲ್ಲಿ. ಮದರ್‌ಬೋರ್ಡಿನಲ್ಲಿ ದೋಷವಿದೆಯೆಂಬ ಅಂಗಡಿಯ ಮಾತು ಒಂದು ಅರ್ಥದಲ್ಲಿ ನಿಜವೇ ಆಗಿತ್ತು. ಆದರೆ ಅದನ್ನು ಬದಲಾಯಿಸುವ ಅಗತ್ಯವಿರಲಿಲ್ಲ. ಪಟ್ಟಿಯನ್ನು ಎರಡನೆಯ ಗಾಡಿಯಲ್ಲಿ ಕೂರಿಸಿ ಮೊದಲನೆಯದನ್ನು ಖಾಲಿ ಬಿಟ್ಟೆವು. ಖರ್ಚು ಏನೂ ಆಗಲಿಲ್ಲ.

ವಾಸಿಯಾಯಿತೆಂದು ಯಾವಾಗ ಹೇಳಬಹುದು?

ದುರಸ್ತಿಯಾದ ಮೇಲೆ ಒಂದು ಗಂಟೆ ನಡೆಸಿ “ಸರಿಹೋಯಿತು” ಎನ್ನುವುದು ವಾಡಿಕೆ. ಇದು ಎಷ್ಟರ ಮಟ್ಟಿಗೆ ಸರಿ? ಯಾದೃಚ್ಛಿಕವಾಗಿ, ಸರಾಸರಿ 4 ಗಂಟೆಗೊಮ್ಮೆ ಬರುವ ಬೇನೆಯು ಒಂದು ಗಂಟೆ ಸುಮ್ಮನಿದ್ದರೆ ಅದರಲ್ಲಿ ಆಶ್ಚರ್ಯವೇನೂ ಇಲ್ಲ. ವಿಕಿರಣಶೀಲ ವಸ್ತುಗಳ ಕ್ಷಯಕ್ಕೆ ನಾವು ಬಳಸುವ ಘಾತೀಯ ನಿಯಮವೇ ಇಲ್ಲಿಗೂ ಅನ್ವಯಿಸುತ್ತದೆ. ದೋಷವು ಹೋಗದೆಯೇ ಉಳಿದಿದ್ದರೂ, ಸರಾಸರಿ ಅಂತರದಷ್ಟು ಹೊತ್ತು ಅದು ಮೌನವಾಗಿರುವ ಸಂಭವ ನೂರಕ್ಕೆ 37. ಎರಡು ಪಟ್ಟು ಹೊತ್ತಿಗೆ ಸುಮಾರು 14. ಮೂರು ಪಟ್ಟಿಗೆ 5. ಐದು ಪಟ್ಟಿಗೆ ಒಂದಕ್ಕೂ ಕಡಿಮೆ. ಆದುದರಿಂದ ಸರಾಸರಿ ಅಂತರದ ಮೂರು ಪಟ್ಟಾದರೂ ಕಾಯದೆ ಯಂತ್ರವು ವಾಸಿಯಾಯಿತೆಂದು ಹೇಳಬಾರದು. ನೋಟ್‌ಪುಸ್ತಕವಿಲ್ಲದವನಿಗೆ ಸರಾಸರಿಯೇ ತಿಳಿಯದು. ಎಷ್ಟು ಕಾಯಬೇಕೆಂಬುದೂ ತಿಳಿಯದು.

ಮೇಲಿನ ಯಂತ್ರವನ್ನು ಆ ವಿದ್ಯಾರ್ಥಿನಿಯು ಹಿಂದಿನಂತೆಯೇ ಕೋಣೆಗೂ ಜಗಲಿಗೂ ಹೊತ್ತು ತಿರುಗುತ್ತ 20 ಗಂಟೆಗಳ ಕಾಲ ಬಳಸಿದಳು. ಅದು ಐದು ಪಟ್ಟು. ಒಮ್ಮೆಯೂ ನಿಲ್ಲಲಿಲ್ಲ. ದೋಷವಿದ್ದೂ ಹೀಗಾಗುವ ಸಂಭವ ಸಾವಿರಕ್ಕೆ ಏಳು ಮಾತ್ರ. ಆಗ ನಾವು ಆಕೆಗೆ ನೋಟ್‌ಪುಸ್ತಕವನ್ನು ಮುಚ್ಚಲು ಹೇಳಿದೆವು. ಕರು ಕೊಟ್ಟಿಗೆಯಲ್ಲಿಯೇ ಉಳಿಯಿತು.

ಇದೇ ಲೆಕ್ಕವು ದುರಸ್ತಿಗಾರನಿಗೂ ನ್ಯಾಯವನ್ನು ಒದಗಿಸುತ್ತದೆ. ಅಂಗಡಿಯಲ್ಲಿ ಯಂತ್ರವನ್ನು 15 ನಿಮಿಷ ನೋಡಿದವನಿಗೆ, ಅದು ಬಾಗುವಂತಿದ್ದರೂ ಸಹ, ಆ ಬೇನೆ ಕಣ್ಣಿಗೆ ಬೀಳುವ ಸಂಭವ ನೂರಕ್ಕೆ ಆರರಷ್ಟು. ಕಾಣದುದನ್ನು ಅವನು ಊಹಿಸಬೇಕಾಗುತ್ತದೆ. ನಾವು ಬರೆದ ಪುಟವನ್ನು ಅವನ ಮುಂದಿಟ್ಟರೆ ಅವನ ಅನುಭವಕ್ಕೆ ನಮ್ಮ ಎರಡು ವಾರಗಳ ಕಣ್ಣು ಕೂಡುತ್ತದೆ.

ಬೆನ್ನಟ್ಟಬೇಕಾಗಿಲ್ಲದ ದೋಷ

ವರ್ಷಕ್ಕೆ ಒಂದೆರಡು ಸಲ ಯಂತ್ರವು ತಾನಾಗಿ ನಿಂತರೆ ಅದನ್ನು ಬೆನ್ನಟ್ಟುವುದು ವ್ಯರ್ಥ. 1978ರಲ್ಲಿ ಇಂಟೆಲ್ ಸಂಸ್ಥೆಯ ಮೇ ಮತ್ತು ವುಡ್ಸ್ ಎಂಬ ವಿಜ್ಞಾನಿಗಳು, ಚಿಪ್ಪಿನ ಹೊದಿಕೆಯಲ್ಲಿ ಲೇಶಮಾತ್ರ ಇರುವ ಯುರೇನಿಯಂ, ಥೋರಿಯಂಗಳಿಂದ ಹೊರಡುವ ಆಲ್ಫಾ ಕಣಗಳು ಸ್ಮೃತಿಯ ಒಂದು ಸೊನ್ನೆಯನ್ನು ಒಂದಾಗಿ ಬದಲಾಯಿಸಬಲ್ಲುವೆಂದು ತೋರಿಸಿದರು. ಆಕಾಶದಿಂದ ಸುರಿಯುವ ವಿಶ್ವಕಿರಣಗಳೂ ಈ ಚೇಷ್ಟೆಯನ್ನು ಮಾಡಬಲ್ಲುವು. ಇದೇ ವಿಶ್ವಕಿರಣಗಳ ಗದ್ದಲವನ್ನು ತಪ್ಪಿಸಿಕೊಳ್ಳಲು ವಿಜ್ಞಾನಿಗಳು ನಮ್ಮ ಕೋಲಾರದ ಚಿನ್ನದ ಗಣಿಯ ಆಳಕ್ಕೆ ಇಳಿದು, 1965ರಲ್ಲಿ ನ್ಯೂಟ್ರಿನೋಗಳ ಸುಳಿವನ್ನು ಹಿಡಿದರು. 2003ರಲ್ಲಿ ಬೆಲ್ಜಿಯಂ ದೇಶದ ಸ್ಕಾರ್‌ಬೀಕ್ ಎಂಬ ಊರಿನ ಚುನಾವಣೆಯಲ್ಲಿ ಒಬ್ಬ ಅಭ್ಯರ್ಥಿಗೆ 4096 ಮತಗಳು ಹೆಚ್ಚಾಗಿ ಬಂದುವು. 4096 ಎಂಬುದು ಎರಡರ ಹನ್ನೆರಡನೆಯ ಘಾತ. ಒಂದೇ ಒಂದು ಅಂಕಸ್ಥಾನವು ಮಗುಚಿತ್ತೆಂಬುದಕ್ಕೆ ಅದೇ ಗುರುತು. ವಿಶ್ವಕಿರಣದ ಕಣವೊಂದು ಅದಕ್ಕೆ ಕಾರಣವಾಗಿರಬಹುದೆಂದು ಊಹಿಸಲಾಯಿತು. ಆದರೆ ದಿನದಿನವೂ ನಿಲ್ಲುವ ಯಂತ್ರಕ್ಕೆ ವಿಶ್ವಕಿರಣವನ್ನು ದೂರುವುದು, ದಿನವೂ ತಡವಾಗಿ ಬರುವ ಹುಡುಗನು ಗ್ರಹಣವನ್ನು ದೂರಿದಂತೆ.

ಬಿಚ್ಚುವ ಮುನ್ನ

ಯಂತ್ರದ ಹೊದಿಕೆಯನ್ನು ಬಿಚ್ಚುವವರು ಎರಡು ಮಾತುಗಳನ್ನು ನೆನಪಿಡಬೇಕು. ಚಾರ್ಜರನ್ನು ಕಿತ್ತು, ಯಂತ್ರವನ್ನು ಪೂರ್ತಿಯಾಗಿ ಆರಿಸಿ, ಬ್ಯಾಟರಿಯ ಸಂಪರ್ಕವನ್ನು ಕಳಚಿದ ಮೇಲೆಯೇ ಒಳಗೆ ಕೈ ಹಾಕಬೇಕು. ಒಣಹವೆಯ ದಿನಗಳಲ್ಲಿ ನಮ್ಮ ಮೈಮೇಲೆ ಸಾವಿರಾರು ವೋಲ್ಟಿನ ಸ್ಥಿರವಿದ್ಯುತ್ತು ನಮಗೆ ಗೊತ್ತಾಗದಂತೆಯೇ ಕೂಡಿರುತ್ತದೆ. ಚಿಪ್ಪಿಗೆ ಕೆಲವು ನೂರು ವೋಲ್ಟೇ ಮಾರಕವಾಗಬಹುದು. ಆದುದರಿಂದ ನೆಲಕ್ಕೆ ಸಂಪರ್ಕವಿರುವ ಲೋಹವನ್ನು ಮೊದಲು ಮುಟ್ಟಿ ಅದನ್ನು ಇಳಿಸಿಕೊಳ್ಳಬೇಕು. ಖಾತರಿಯ ಅವಧಿ ಇನ್ನೂ ಉಳಿದಿದ್ದರೆ ಬಿಚ್ಚದಿರುವುದೇ ಲೇಸು.

ಎಲ್ಲ ದೋಷಗಳೂ ಖರ್ಚಿಲ್ಲದೆ ಹೋಗುವುದಿಲ್ಲ. ಮದರ್‌ಬೋರ್ಡಿನ ಬೆಸುಗೆಯೇ ಬಿರುಕುಬಿಟ್ಟಿದೆಯೆಂದು ಪರೀಕ್ಷೆಗಳು ತೋರಿಸಿದರೆ, ಹಳೆಯ ಯಂತ್ರಕ್ಕೆ ಹಣ ಸುರಿಯುವುದಕ್ಕಿಂತ ಅದರ ಡಿಸ್ಕು, ರ‍್ಯಾಮ್‌ಗಳನ್ನು ಉಳಿಸಿಕೊಂಡು ಬೇರೆ ಯಂತ್ರವನ್ನು ನೋಡಿಕೊಳ್ಳುವುದೇ ಮೇಲಾಗಬಹುದು. ಆದರೆ ಆ ತೀರ್ಮಾನವು ಭಯದಿಂದಾಗಲಿ ಯಾರದೋ ಊಹೆಯಿಂದಾಗಲಿ ಹುಟ್ಟಬಾರದು. ಬರಹವನ್ನು ಉಳಿಸಿಕೊಳ್ಳುವುದು, ಕಂಡುದನ್ನು ಬರೆದಿಡುವುದು, ಒಂದು ಸಲಕ್ಕೆ ಒಂದನ್ನೇ ಬದಲಾಯಿಸುವುದು, ಬೇನೆಯನ್ನು ಕರೆದಾಗ ಬರುವಂತೆ ಮಾಡುವುದು, ವಾಸಿಯಾಯಿತೆನ್ನುವ ಮೊದಲು ಮೂರು ಪಟ್ಟು ಕಾಯುವುದು ಈ ಐದು ಹೆಜ್ಜೆಗಳು ಲ್ಯಾಪ್‌ಟಾಪಿಗೆ ಮಾತ್ರ ಮೀಸಲಾದುವಲ್ಲ. ಗದ್ದೆಯ ಪಂಪ್‌ಸೆಟ್ಟು ನಡುನಡುವೆ ನಿಂತರೂ, ಪ್ರಯೋಗಶಾಲೆಯ ಗ್ಯಾಲ್ವನೋಮೀಟರಿನ ಮುಳ್ಳು ಅಕಾರಣವಾಗಿ ನಡುಗಿದರೂ ಇವೇ ಹೆಜ್ಜೆಗಳು ನಮ್ಮನ್ನು ದೋಷದ ಬಳಿಗೆ ಕರೆದೊಯ್ಯುತ್ತವೆ. ಮುಂದಿನ ಸಲ ಯಂತ್ರವು ಕೈಕೊಟ್ಟಾಗ ಅದರ ಬೆನ್ನಿಗೆ ಎರಡು ಗುದ್ದುವ ಬದಲು, ಗಡಿಯಾರವನ್ನು ನೋಡಿ ಗಂಟೆಯನ್ನು ಬರೆದುಕೊಳ್ಳಿರಿ. ದುರಸ್ತಿಯು ಆ ಸಾಲಿನಿಂದಲೇ ಆರಂಭವಾಗುತ್ತದೆ.